ಸೊನ್ನೆಗಿಂತ ಕೆಳಗಿನ ಊರು

ಏಳನೆಯ ತರಗತಿಗೇ ಶಾಲೆಗೆ ಕೈಮುಗಿದು ಬಂದವನು ನಾನು. ಆದರೂ ವಿಶ್ವವಿದ್ಯಾಲಯದ ಪಕ್ಕದ ತಾರ್ನಾಕದಲ್ಲಿರುವ ನನ್ನ ಡಿಟಿಪಿ ಅಂಗಡಿಯ ಮೆಟ್ಟಿಲು ಹತ್ತದೆ ಯಾರೂ ಡಾಕ್ಟರೇಟ್ ಪಡೆದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಪ್ರಬಂಧ ಅವರದು, ಅಂದ ನನ್ನದು!

ಇಂಥ ನನ್ನ ಬಳಿಗೆ ಒಂದು ಬೆಳಿಗ್ಗೆ ವಿಜಯಾ ಮೇಡಂ ಓಡೋಡಿ ಬಂದರು. ಬೀದರ್ ಕಡೆಯವರು. ಗಡಿಯ ಊರುಗಳಲ್ಲಿ ಎಷ್ಟೆಷ್ಟು ಮನೆಗಳಲ್ಲಿ ಕನ್ನಡ ಉಳಿದಿದೆ ಎಂದು ಪ್ರಬಂಧ ಬರೆದಿದ್ದರು. ಅಂದು ಸಂಜೆ ಐದರೊಳಗೆ ಸಲ್ಲಿಸದಿದ್ದರೆ ಇನ್ನೊಂದು ವರ್ಷ ಕಾಯಬೇಕು.

"ಅಣ್ಣಾರ, ಗ್ರಾಫ್ ಯಾಕ ಹಿಂಗಾಗೇತ್ರಿ?"

ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ದೀರ್ಘವಿದ್ದಲ್ಲಿ ಮೇಲೊಂದು ಗೆರೆ, ಟ, ಡ, ಳ ಬಂದಲ್ಲಿ ಕೆಳಗೊಂದು ಚುಕ್ಕಿ ಇಡುವುದು ಪಂಡಿತರ ಪದ್ಧತಿ. ಪ್ರಬಂಧದ ಪುಟಗಳಲ್ಲಿ ಅವೆಲ್ಲ ಮುತ್ತಿನಂತೆ ಕೂತಿದ್ದವು. ಗ್ರಾಫಿನ ತಳದ ಗೆರೆಯ ಕೆಳಗೆ ಸಾಲಾಗಿ ಬರೆದ ಊರ ಹೆಸರುಗಳಲ್ಲಿ ಮಾತ್ರ ಆ ಅಕ್ಷರಗಳ ಜಾಗದಲ್ಲೆಲ್ಲ ಖಾಲಿ ಡಬ್ಬಿಗಳು!

"ಎದುರಿನ ಅಂಗಡಿ ರಮಣಗ ಕೇಳೋಣೇನ್ರಿ?" ಎಂದಳು ನನ್ನ ಹೆಂಡತಿ ಶಾಂತಾ.

"ನಿನ್ನೆ ಮೊನ್ನೆ ಅಂಗಡಿ ಇಟ್ಟಾಂವಗ? ನಾ ಸೀಸದ ಮೊಳೆ ಜೋಡಿಸಿ ಪುಸ್ತಕ ಮಾಡಿದಾಂವ. ತಾ ಇಲ್ಲೆ ಕರಿ ಪೆನ್ನು!"

ನನ್ನ ಯೋಜನೆ ಸರಳ. ಬೋಳು ಅಕ್ಷರಗಳಲ್ಲಿ ಹೆಸರು ಮುದ್ರಿಸುವುದು, ಗೆರೆ ಚುಕ್ಕಿಗಳನ್ನು ಕೈಯಿಂದ ಇಡುವುದು. ಹಳೆಯ ಪ್ರೆಸ್ಸಿನಲ್ಲಿ ಮೊಳೆ ಸವೆದಾಗ ಹೀಗೆಯೇ ತಿದ್ದುತ್ತಿದ್ದೆವು.

"ರೀ, ಅದು ಮೊದಲೇ ಚುಕ್ಕಿ ಗ್ರಾಫು. ಅದರಾಗ ನೀವೂ ಚುಕ್ಕಿ ಇಟ್ರ ಹೆಂಗ?"

"ಇದು ನಿನ್ನ ರಂಗೋಲಿ ಅಲ್ಲ, ವಿಜ್ಞಾನ! ಸುಮ್ಮನ ಚಾ ಮಾಡು."

ಸಾಸಿವೆ ಕಾಳಿನಷ್ಟು ದಪ್ಪ, ದುಂಡಗೆ, ಒಂದೊಂದೇ ಚುಕ್ಕಿ ಇಟ್ಟೆ. ಉಳಿದ ಪುಟಗಳನ್ನು ಬೈಂಡಿಂಗಿಗೆ ಒಪ್ಪಿಸಿ ಮಧ್ಯಾಹ್ನ ಮರಳಿದ ಮೇಡಂ ಹಾಳೆ ನೋಡಿ ಕುರ್ಚಿಗೆ ಕುಸಿದರು.

"ಅಣ್ಣಾರ, ಈ ಗ್ರಾಫಿನಾಗ ಒಂದೊಂದು ಚುಕ್ಕಿ ಅಂದ್ರ ಒಂದೊಂದು ಊರು. ಚುಕ್ಕಿ ಎಷ್ಟು ಮ್ಯಾಲೈತಿ, ಅಲ್ಲಿ ಅಷ್ಟು ಕನ್ನಡದ ಮನಿ. ನೀವು ಸೊನ್ನಿ ಗೆರಿ ಕೆಳಗೂ ಚುಕ್ಕಿ ಇಟ್ಟೀರಿ! ಸೊನ್ನಿಗಿಂತ ಕಮ್ಮಿ ಮನಿ ಇರೋ ಊರು ಎಲ್ಲೈತ್ರಿ?"

ಶಾಂತಾ ಚಹಾದ ಕಪ್ಪನ್ನು ನನ್ನ ಮುಂದೆ ತುಸು ಜೋರಾಗಿಯೇ ಇಟ್ಟಳು.

ನಾನು ಧೃತಿಗೆಡಲಿಲ್ಲ. ಚುಕ್ಕಿಗಳಿಗೆಲ್ಲ ಬಿಳಿ ಬಣ್ಣ ಬಳಿದೆ. ಬಳಿಯುವ ಭರದಲ್ಲಿ ಗೆರೆಯ ಮೇಲಿದ್ದ ನಿಜವಾದ ಊರೊಂದೂ ಅಳಿಸಿಹೋಯಿತು! ಆಗಲಿ, ಅದೇ ಹಾಳೆಯ ಮೇಲೆ ಮತ್ತೆ ಮುದ್ರಿಸಿದರಾಯಿತು. ಬಾಂಡ್ ಪೇಪರ್ ಹಾಳು ಮಾಡುವ ಜಾಯಮಾನ ನನ್ನದಲ್ಲ. ಒಣಗದ ಹಾಳೆಯನ್ನು ಪ್ರಿಂಟರಿಗೆ ತುರುಕಿದೆ. ಅದು ಎಮ್ಮೆಯಂತೆ ಒಮ್ಮೆ ಕೂಗಿತು. ಆಮೇಲೆ ಕೂಗಲಿಲ್ಲ.

ಮೇಡಂ ಗಡಿಯಾರ ನೋಡಿದರು. ಕಣ್ಣಲ್ಲಿ ನೀರು ತುಂಬಿತ್ತು. ಶಾಂತಾ ನನ್ನನ್ನು ಕೇಳುವ ಗೋಜಿಗೇ ಹೋಗದೆ ಗ್ರಾಫ್ ಇದ್ದ ಫ್ಲಾಪಿ ಎತ್ತಿಕೊಂಡು ಮೇಡಂ ಕೈ ಹಿಡಿದು ರಸ್ತೆ ದಾಟಿದಳು. ಬಿಳಿ ಬಣ್ಣದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಾನೂ ಹೋದೆ.

ರಮಣ ಗ್ರಾಫ್ ತೆರೆದ. ಹೆಸರುಗಳ ಮೇಲೆ ಒತ್ತಿದ. ಪ್ರಬಂಧದ ಪುಟಗಳಿಗೆ ನಾನೇ ಬಳಸಿದ್ದ ಫಾಂಟನ್ನು ಅವಕ್ಕೂ ಕೊಟ್ಟ. ಡಬ್ಬಿಗಳೆಲ್ಲ ಮಾಯ! ಗೆರೆ ಚುಕ್ಕಿಗಳು ಅಕ್ಷರಗಳಿಗೆ ಅಂಟಿಕೊಂಡು ವಿನಯದಿಂದ ಕೂತವು.

"ಇದೇನಾ, ಅಂಕುಲ್?" ಎಂದ ತೆಲುಗಿನಲ್ಲಿ.

ಇದೇ, ಮಾರಾಯ. ಇಷ್ಟೇ.

ಐದಕ್ಕೆ ಮೊದಲೇ ಪ್ರಬಂಧ ಸೇರಬೇಕಾದಲ್ಲಿ ಸೇರಿತು. ಮರುದಿನ ಮೇಡಂ ಸಿಹಿ ತಂದರು. ರಮಣನಿಗೆ ಕೊಟ್ಟು, ಶಾಂತಾಳಿಗೆ ಕೊಟ್ಟು, ಕೊನೆಗೆ ನನ್ನ ಮುಂದೆ ಡಬ್ಬಿ ಹಿಡಿದರು.

"ತಗೋರಿ ಅಣ್ಣಾರ. ಆ ಸೊನ್ನಿ ಕೆಳಗಿನ ಊರಿಗೆ ನೀವ ಪಟೇಲ್ರು!"

ಈಗ ರಮಣನೂ ರಸ್ತೆಯಾಚೆಯಿಂದ "ನಮಸ್ಕಾರಂ, ಪಟೇಲ್ ಗಾರು!" ಎನ್ನುತ್ತಾನೆ. ನಾನು ಗತ್ತಿನಿಂದ ಕೈ ಎತ್ತುತ್ತೇನೆ. ಪ್ರಜೆಗಳೇ ಇಲ್ಲದ ಊರಿನ ಪಟೇಲನಿಗೆ ಎದುರು ಮಾತಾಡುವವರು ಯಾರು?

ಇದ್ದಾಳೆ, ಒಬ್ಬಳು. ಒಳಗೆ ಚಹಾ ಮಾಡುತ್ತಿದ್ದಾಳೆ.