ಸಾಬೂನು ಡಬ್ಬಿಯ ಚಾಡಿ

ಕೊಟ್ರಬಸಪ್ಪ: ಇದು ಕಂಪ್ಯೂಟರ್ ಏನ್ರಿ ಮೇಡಂ? ನಮ್ಮನಿಯಾಕಿ ಇದಕ್ಕಿಂತ ದೊಡ್ಡ ಡಬ್ಬಿಯಾಗ ಜೀರಗಿ ಇಟ್ಟಾಳ!

ಸಂಘಮಿತ್ರಾ: ಜೀರಗಿ ಡಬ್ಬಿ ನಿಮಗ ಮೆಸೇಜ್ ಕಳಿಸಲ್ರಿ ಸರ್. ಇದು ಕಳಿಸ್ತೈತಿ.

ಕೊಟ್ರಬಸಪ್ಪ: ಅದ ನೋಡ್ರಿ ತಾಪತ್ರಯ! ಇದು ಬರೋಕಿಂತ ಮುಂಚೆ ನನ್ನ ಕಂಪನಿಯಾಗ ಒಂದು ಲೈನ್ ಕೆಟ್ಟಿದ್ದಿಲ್ಲ. ಇದು ಬಂದು ತಿಂಗಳಾತು, ದಿನಾ ಕೆಡಾಕತ್ತೈತಿ.

ಸಂಘಮಿತ್ರಾ: ಮುಂಚೇನೂ ಕೆಡ್ತಿತ್ರಿ. ಹೇಳೋರು ಇದ್ದಿದ್ದಿಲ್ಲ.

ಕೊಟ್ರಬಸಪ್ಪ: ಹೇಳೋರು ಇಲ್ದಾಗ ಎಷ್ಟು ಚಂದಿತ್ತು!

2009ನೇ ಇಸವಿ, ಹೊಸಪೇಟೆ. ನಮ್ಮ ಸಾಹುಕಾರ ಕೊಟ್ರಬಸಪ್ಪನವರು ಆರು ವರ್ಷದ ಹಿಂದೆ ಅಕ್ಕಿ ಗಿರಣಿ ನಡೆಸುತ್ತಿದ್ದರು. ಸಂಡೂರಿನ ಮಣ್ಣು ಚಿನ್ನವಾದ ಮೇಲೆ ಮರಿಯಮ್ಮನಹಳ್ಳಿ ದಾರಿಯಲ್ಲಿ ಅದಿರಿನ ಯಾರ್ಡ್ ಮಾಡಿದರು, ಅದರ ಬಾಗಿಲಿಗೆ ಲಾರಿ ತೂಗುವ ವೇಬ್ರಿಡ್ಜ್ ಹಾಕಿದರು. ಊರಲ್ಲಿ ಕೆಳಗೆ ಆಫೀಸು, ಮೇಲೆ ಅವರ ಮನೆ. ಆಫೀಸಿನ ಮೂಲೆಯಲ್ಲಿ ಟೈಪಿಸ್ಟನಾದ ನಾನು.

ಸಾಹುಕಾರರು ಬೈಯುತ್ತಿದ್ದುದು ಮೇಜಿನ ಮೇಲಿದ್ದ, ಸಾಬೂನು ಡಬ್ಬಿಯಷ್ಟೇ ಇದ್ದ ಒಂದು ಕಂಪ್ಯೂಟರ್ ಬೋರ್ಡಿಗೆ. ನೆಟ್‌ವರ್ಕ್ ಎಂಜಿನಿಯರ್ ಸಂಘಮಿತ್ರಾ ತಂದು ಕೂಡಿಸಿದ್ದು. ಅದರೊಳಗಿನ ಸಾಫ್ಟ್‌ವೇರು ಆಫೀಸಿನ ಮತ್ತು ವೇಬ್ರಿಡ್ಜಿನ ಕಂಪ್ಯೂಟರ್, ಕ್ಯಾಮೆರಾ, ಪ್ರಿಂಟರುಗಳನ್ನು ನಿಮಿಷಕ್ಕೊಮ್ಮೆ ‘ಇದ್ದೀಯಾ?’ ಎಂದು ಕೇಳುತ್ತದೆ. ಉತ್ತರ ಬಾರದಿದ್ದರೆ ಪರದೆಯ ಮೇಲೆ ಕೆಂಪು, ಸಾಹುಕಾರರ ಮೊಬೈಲಿಗೆ ಮೆಸೇಜು. ದಿನಾ ಕೆಂಪಾಗುತ್ತಿದ್ದುದು ವೇಬ್ರಿಡ್ಜ್. ಅಲ್ಲಿಯ ಗುಮಾಸ್ತ ಎರ್ರೆಪ್ಪನೇ ಪ್ಲಗ್ ಕಿತ್ತು ಮಲಗುತ್ತಾನೆಂದು ಅವನನ್ನು ಕರೆಸಿ ನಿಲ್ಲಿಸಿದ್ದರು. ಅವನನ್ನು ಕೆಲಸದಿಂದ ತೆಗೆಯುವ ಕಾಗದ ಸಹಿ ಸಮೇತ ಮೇಜಿನ ಮೇಲಿತ್ತು. ಐದು ವರ್ಷ ಲಾರಿ ತೂಗಿದ ಮನುಷ್ಯನಿಗೆ ಐದೇ ಸಾಲು. ಟೈಪು ಮಾಡಿದವನು ನಾನೇ, ಆ ನಾಚಿಕೆ ಇನ್ನೂ ಹೋಗಿಲ್ಲ.

ಎರ್ರೆಪ್ಪ: ಸಾವ್ಕಾರ್ರ, ನಾ ವೈರ್ ಮುಟ್ಟಿಲ್ರಿ.

ಕೊಟ್ರಬಸಪ್ಪ: ನೀ ಮುಟ್ಟಿಲ್ಲ, ವೈರ್ ತಾನ ಇಳಿದು ಚಾ ಕುಡಿದು ಬರ್ತೈತೇನು? ಹತ್ತೂವರಿಗೆ ಬಂದ್, ಹನ್ನೊಂದಕ್ಕ ಚಾಲೂ. ದಿನಾ!

ಎರ್ರೆಪ್ಪ: ಹತ್ತೂವರಿಗೆ ನಂಗ ಬೀಡಿ ಹಚ್ಚಾಕೂ ಪುರಸೊತ್ತಿರಲ್ರಿ. ಲಾರಿ ಸಾಲು ರೋಡಿನ ತನಕ ನಿಂತಿರ್ತೈತಿ. ಲೈನ್ ಹೋದ್ರ ತೂಕದ ಚೀಟಿ ಬರಲ್ಲ, ಡ್ರೈವರ್‌ಗಳು ಬೈಯೋದು ನಮ್ಮವ್ವನ್ನ, ನಿಮ್ಮನ್ನಲ್ಲ.

ಕೊಟ್ರಬಸಪ್ಪ: ಇನ್ಮ್ಯಾಲೆ ನಮ್ಮ ಅಳಿಯ ಹಂಪೇಶನ್ನ ಬೈತಾರ ಬಿಡು. ಇವತ್ತಿಂದ ಅಲ್ಲಿ ಅವ್ನ ಕುಂತಾನ.

ಎರ್ರೆಪ್ಪ: ಓಹೋ! ಕಾಗದ ಈಗ ಟೈಪ್ ಆತು, ಕುರ್ಚಿ ಮುಂಜಾನೇನ ತುಂಬೈತಿ. ಭಾಳ ಫಾಸ್ಟ್ ನೆಟ್‌ವರ್ಕ್ ರೀ ನಿಮ್ದು.

ಸಂಘಮಿತ್ರಾ: ಸರ್, ಈ ಪಟ್ಟಿ ಸ್ವಲ್ಪ ನೋಡ್ರಿ. ದಿನಾ ಅರ್ಧ ತಾಸು ಬಂದ್. ಸೋಮವಾರ ಮಾತ್ರ ಒಂದು ತಾಸು. ಹೋದ ಅಮಾಸಿಗೆ ಪೂರಾ ಎರಡು ತಾಸು.

ಕೊಟ್ರಬಸಪ್ಪ: ಅದರಾಗೇನೈತಿ? ಐತಾರ ತಿಂದದ್ದು ಸೋಮವಾರ ಇಳಿದಿರಲ್ಲ, ಒಂದು ತಾಸು ಮಲಗ್ತಾನ.

ಎರ್ರೆಪ್ಪ: ಅಮಾಸಿಗೆ ಏನ್ ತಿಂದಿದ್ನ್ರಿ?

ಕೊಟ್ರಬಸಪ್ಪ: ಅದನ್ನ ನೀನ ಹೇಳಬೇಕು!

ಸಂಘಮಿತ್ರಾ: ಮೆಸೇಜ್ ಬಂದ ಕೂಡ್ಲೇ ನಾ ಸ್ಕೂಟಿ ಹತ್ತಿ ಓಡ್ತೀನ್ರಿ. ಮುಖಕ್ಕೆಲ್ಲ ಕೆಂಪು ಧೂಳು ಬಳ್ಕಂಡು ಯಾರ್ಡ್ ಮುಟ್ಟೋದ್ರಾಗ ಲೈನ್ ತಾನ ಸರಿ ಆಗಿರ್ತೈತಿ. ಆ ಲೈನ್ ವೈರ್ ಇಲ್ದ ಗಾಳಿಯಾಗ ಹಾಯ್ದು ನಿಮ್ಮ ಮಾಳಿಗಿ ಮ್ಯಾಲಿನ ಡಿಶ್ಶಿಗೆ ಬಂದು ಆಮ್ಯಾಲೆ ಇಲ್ಲಿಗೆ ಇಳೀತೈತಿ. ಅದನ್ನೂ ಪಟ್ಟಿಗೆ ಸೇರಿಸ್ತೀನಿ ಅಂದ್ರ ನೀವು ಕೊಡವಲ್ರಿ.

ಕೊಟ್ರಬಸಪ್ಪ: ಅವತ್ತ ಹೇಳೀನಿ, ಬ್ಯಾಡ! ಕಾವಲು ಇಟ್ಟಿರೋದು ಆಳುಗಳ ಮ್ಯಾಲೆ. ಸಾವ್ಕಾರನ ಮನಿ ಮ್ಯಾಲೆ ಎಂಥ ಕಾವಲು? ಪಕ್ಕದ ಯಾರ್ಡಿನವರು ಬೀರುವಿನಷ್ಟು ಸರ್ವರ್ ತಂದು, ಗಾಜಿನ ಕೋಣಿ ಕಟ್ಟಿ, ಎಸಿ ಹಾಕಿ ಕುಂದ್ರಿಸ್ಯಾರ. ಬಂದ ಬೀಗರಿಗೆ ತೋರಿಸ್ತಾರ. ಮೊನ್ನೆ ನಮ್ಮ ಬೀಗರು ಬಂದು ಇದರ ಮ್ಯಾಲೆ ಚಾ ಲೋಟ ಇಟ್ರು!

ಸಂಘಮಿತ್ರಾ: ಬೀರುವಿನಷ್ಟು ಇದ್ದಿದ್ರ ಲೋಟ ಇಡಾಕ ಸ್ಟೂಲ್ ಕೇಳ್ತಿದ್ರು ಬಿಡ್ರಿ.

ಗಡಿಯಾರದಲ್ಲಿ ಹತ್ತು ಇಪ್ಪತ್ತೈದು. ಸಾಹುಕಾರರು ಮೊಬೈಲನ್ನು ಮೇಜಿನ ಮೇಲಿಟ್ಟು ಎದ್ದರು. ಪೂಜೆಯ ಹೊತ್ತು.

ಕೊಟ್ರಬಸಪ್ಪ: ಪೂಜಿ ಮುಗಿಸಿ ಬರ್ತೀನಿ. ಎರ್ರೆಪ್ಪ, ಪ್ರಸಾದ ತೊಗೊಂಡು, ಕಾಗದ ತೊಗೊಂಡು ನಡಿ. ಮೇಡಂ, ನೀವು ನಿಮ್ಮ ಜೀರಗಿ ಡಬ್ಬಿ ತೊಗೊಂಡು ನಡೀರಿ.

ಅವರ ಚಪ್ಪಲಿಯ ಸದ್ದು ಮೆಟ್ಟಿಲು ಹತ್ತಿ ಹೋಗುತ್ತಲೇ ಸಂಘಮಿತ್ರಾ ಕೀಬೋರ್ಡನ್ನು ಹತ್ತಿರ ಎಳೆದುಕೊಂಡಳು.

ಎರ್ರೆಪ್ಪ: ಏನ್ ಮಾಡಾಕತ್ತೀರಿ ಮೇಡಂ?

ಸಂಘಮಿತ್ರಾ: ಮಾಳಿಗಿ ಡಿಶ್ ಸೇರಿಸಾಕತ್ತೀನಿ.

ಎರ್ರೆಪ್ಪ: ಸಾವ್ಕಾರ್ರು ಬೈತಾರ್ರಿ.

ಸಂಘಮಿತ್ರಾ: ಡಬ್ಬಿ ಜೊತಿ ನನ್ನೂ ಹೊರಗ ಹಾಕ್ಯಾರ ಎರ್ರೆಪ್ಪಣ್ಣ. ಇನ್ನ ಬೈದ್ರ ಬೋನಸ್ಸು.

ಅಷ್ಟರಲ್ಲಿ ಮೇಲಿನಿಂದ ಢಣ ಢಣ ಶುರುವಾಯಿತು. ಸಾಹುಕಾರರ ಕರೆಂಟ್ ನಗಾರಿ. ಪ್ಲಗ್ ಹಾಕಿದರೆ ಮೋಟಾರು ತಿರುಗಿ ನಗಾರಿ, ಜಾಗಟೆ, ಗಂಟೆ ಮೂರನ್ನೂ ಒಟ್ಟಿಗೇ ಬಡಿಯುತ್ತದೆ. ಬೇರೆಯವರು ಮಂಗಳಾರತಿಗಷ್ಟೇ ಬಡಿಸುತ್ತಾರೆ. ನಮ್ಮವರದು ಪೂಜೆ ಮುಗಿಯುವವರೆಗೂ ಓಣಿಗೆಲ್ಲ ಕೇಳಬೇಕು. ಮೂರು ತಿಂಗಳಿಂದ ನನ್ನ ಕಿವಿ ಅದಕ್ಕೆ ಒಗ್ಗಿಹೋಗಿತ್ತು.

ಪರದೆಯ ಮೇಲೆ ಮಾಳಿಗೆ ಕೆಂಪಾಯಿತು. ಅದರ ಹಿಂದೆಯೇ ವೇಬ್ರಿಡ್ಜ್. ಮೇಜಿನ ಮೇಲಿನ ಮೊಬೈಲು ಎರಡು ಸಲ ನಡುಗಿತು.

ಎರ್ರೆಪ್ಪ: (ಬಗ್ಗಿ ಓದಿ) ಮಾಳಿಗಿ ಡೌನ್... ವೇಬ್ರಿಡ್ಜ್ ಡೌನ್... ಮೇಡಂ, ನಾ ಇಲ್ಲೇ ಅದೀನಲ್ರಿ?

ಸಂಘಮಿತ್ರಾ: ಇಲ್ಲೇ ಅದೀರಿ. ಆ ಡಿಶ್ಶಿಗೆ ಕರೆಂಟ್ ಎಲ್ಲಿಂದ ಹೋಗೈತಿ?

ಎರ್ರೆಪ್ಪ: ಅದನ್ನ ಕುಂದ್ರಿಸಿದ ದಿನ ಏಣಿ ಹಿಡಿದೋನು ನಾನ. ವೈರ್ ದೇವರ ಕೋಣಿ ಬೆಳಕಿಂಡಿಯಾಗ ಇಳಿಸಿದ್ರು. ನನ್ನ ಒಳಗ ಬಿಡಲಿಲ್ಲ, ಆದ್ರ ಬೆಳಕಿಂಡಿಯಾಗ ಕಾಣ್ತಿತ್ತು. ಅಲ್ಲಿ ಇರೋದು ಒಂದ ಸಾಕೆಟ್ಟು...

ಮೂವರೂ ತಲೆ ಎತ್ತಿ ಸೂರು ನೋಡಿದೆವು. ನಗಾರಿ ಬಡಿಯುತ್ತಲೇ ಇತ್ತು. ಅಂದು ಸೋಮವಾರ, ಒಂದು ತಾಸು ಕಾದೆವು. ಕೊನೆಗೆ ಮೇಲೆ ಸದ್ದು ನಿಂತಿತು, ಪರದೆ ಹಸಿರಾಯಿತು. ಹಣೆ ತುಂಬ ವಿಭೂತಿ, ಕೈಯಲ್ಲಿ ಕೊಬ್ಬರಿ ತಟ್ಟೆ ಹಿಡಿದು ಸಾಹುಕಾರರು ಇಳಿದು ಬಂದರು. ಮೊದಲು ನೋಡಿದ್ದೇ ಮೊಬೈಲು.

ಕೊಟ್ರಬಸಪ್ಪ: ನೋಡ್ರಿ! ಹತ್ತೂವರಿಗೆ ಬಂದ್! ಸಿಕ್ಕಬಿದ್ದೆಲ್ಲಲೇ ಎರ್ರೆಪ್ಪ!

ಎರ್ರೆಪ್ಪ: ನಾ ಒಂದು ತಾಸಿಂದ ನಿಮ್ಮ ಆಫೀಸಿನಾಗ ನಿಂತೀನ್ರಿ. ಯಾರ್ಡಿನಾಗ ಇರೋರು ನಿಮ್ಮ ಅಳಿಯ.

ಕೊಟ್ರಬಸಪ್ಪ: ಹಂಪೇಶ? ಛೇ ಛೇ. ಪ್ಲಗ್ ಕೀಳಬೇಕಂದ್ರ ಕುರ್ಚಿಯಿಂದ ಏಳಬೇಕು. ಅಷ್ಟು ಕೆಲಸ ಅವ್ನು ಮಾಡಂಗಿಲ್ಲ.

ಸಂಘಮಿತ್ರಾ: ಸರ್, ನಗಾರಿ ಪ್ಲಗ್ ಎಲ್ಲಿ ಹಾಕ್ತೀರಿ?

ಕೊಟ್ರಬಸಪ್ಪ: ದೇವರ ಕೋಣಿ ಸಾಕೆಟ್ಟಿಗೆ.

ಸಂಘಮಿತ್ರಾ: ಅದರಾಗ ಮೊದಲ ಒಂದು ಪ್ಲಗ್ ಇತ್ತಲ್ರಿ?

ಕೊಟ್ರಬಸಪ್ಪ: ಯಾವುದೋ ಕರೇದು. ಅದನ್ನ ಕಿತ್ತು ಬಾಜೂಕಿಡ್ತೀನಿ, ಪೂಜಿ ಆದ ಕೂಡ್ಲೇ ಮತ್ತ ಹಾಕ್ತೀನಿ. ಒಂದು ದಿನಾನೂ ಮರ್ತಿಲ್ಲ, ನಾ ಏನ್ ಜವಾಬ್ದಾರಿ ಇಲ್ದೋನೇನು?

ಸಂಘಮಿತ್ರಾ: ಸೋಮವಾರ?

ಕೊಟ್ರಬಸಪ್ಪ: ಸೋಮವಾರ ರುದ್ರಾಭಿಷೇಕ, ಒಂದು ತಾಸು ಹಿಡೀತೈತಿ. ಅಮಾಸಿಗೆ ಎರಡು...

ಮೊಬೈಲಿನ ಇನ್ನೊಂದು ಮೆಸೇಜು ಈಗ ಅವರ ಕಣ್ಣಿಗೆ ಬಿತ್ತು: ಮಾಳಿಗಿ ಡೌನ್. ತಟ್ಟೆ ಮೆಲ್ಲಗೆ ಮೇಜಿಗೆ ಇಳಿಯಿತು.

ಕೊಟ್ರಬಸಪ್ಪ: ನನ್ನ ಮನಿ ಸುದ್ದಿ ಈ ಡಬ್ಬಿಗೆ ಬ್ಯಾಡ ಅಂದಿದ್ನಲ್ರಿ?

ಸಂಘಮಿತ್ರಾ: ಸಣ್ಣ ಕಂಪ್ಯೂಟರ್ ನೋಡ್ರಿ ಸರ್. ಆಳು ಯಾರು, ಸಾವ್ಕಾರ್ರು ಯಾರು ಅಂತ ಅದಕ್ಕ ತಿಳಿಯಂಗಿಲ್ಲ.

ಕೊಟ್ರಬಸಪ್ಪ: ಆತು ಆತು. ಡಬ್ಬಿ ಇಲ್ಲೇ ಇರ್ಲಿ. ಎರ್ರೆಪ್ಪ, ಮಾರಿ ಏನ್ ನೋಡ್ತಿ? ಜಲ್ದಿ ಯಾರ್ಡಿಗೆ ನಡಿ, ಲಾರಿ ನಿಂತಾವ.

ಹೇಳುತ್ತಲೇ ಕಾಗದ ಹರಿಯಲು ಕೈ ಚಾಚಿದರು. ಎರ್ರೆಪ್ಪ ಅದರ ಮೇಲೆ ಅಂಗೈ ಊರಿದ.

ಎರ್ರೆಪ್ಪ: ಹರೀಬ್ಯಾಡ್ರಿ ಸಾವ್ಕಾರ್ರ. ‘ದಿನಾಲೂ ಪ್ಲಗ್ ಕಿತ್ತು ಕಂಪನಿಯ ಕೆಲಸ ನಿಲ್ಲಿಸಿದ್ದರಿಂದ’... ಎಲ್ಲಾ ಖರೇನ ಬರಿಸೀರಿ. ಹೆಸರು ಒಂದು ತಿದ್ದಿದ್ರ ಸಾಕು.

ಕೊಟ್ರಬಸಪ್ಪ: ಲೇ, ಕೆಳಗ ಸಹಿ ನಂದೈತಲೇ!

ಎರ್ರೆಪ್ಪ: ಭಾಳ ಚಲೋ ಆತಲ್ರಿ. ತೆಗಿಯೋರ ಸಹಿನೂ ಆತು, ಹೋಗೋರ ಸಹಿನೂ ಆತು.