ಗೋಡೆ ತುಂಬ ಯೋಜನೆ

ಲಿಫ್ಟ್ ಕೂರಿಸುವ ಕಂಪನಿಗೆ ಸೇರಿದ ಹೊಸತರಲ್ಲಿ ಅವನು ಹತ್ತೊಂಬತ್ತು ದಿನ ಬಿಡದೆ ತಪ್ಪು ಪುಸ್ತಕದಲ್ಲಿ ಹಾಜರಿ ಹಾಕಿದ್ದ. ಬಾಗಿಲ ಪಕ್ಕದ ಮೇಜಿನ ಮೇಲೆ ದಪ್ಪ ರಟ್ಟಿನ ರಿಜಿಸ್ಟರ್ ಕಂಡಿತು. ದಿನಾ ಹೆಸರು, ಹೊತ್ತು, ಸಹಿ ಗೀಚಿದ. ಅದು ಕೆಲಸಕ್ಕೆ ಅಡ್ಡ ಬರಬಹುದಾದ ಅಪಾಯಗಳನ್ನು ಬರೆದಿಡುವ ಪುಸ್ತಕವೆಂದು ತಿಳಿದದ್ದು, ತಿಂಗಳ ಸಭೆಯಲ್ಲಿ ಸಾಹೇಬರು ಅದನ್ನು ಗಟ್ಟಿಯಾಗಿ ಓದಿದಾಗಲೇ. "ಸಿಮೆಂಟ್ ತಡ ಆಗಬಹುದು. ಕರೆಂಟ್ ಹೋಗಬಹುದು. ಈ ಹುಡುಗ ಒಂಬತ್ತೂ ಐದಕ್ಕೆ ಬರ್ತಾನೆ." ಸಭೆ ಬಿದ್ದು ಬಿದ್ದು ನಕ್ಕಿತು.

ಇಂಥ ಮಹಾನುಭಾವ ಮುಂದೆ ಎರಡು ವರ್ಷ ಸಂಯೋಜಕನಾಗಿ ಸವೆದ. (ಸಂಯೋಜಕನೆಂದರೆ ಸಾಹೇಬರ ಬೈಗುಳವನ್ನು ಬಿಸಿಯಾಗಿಯೇ ಫಿಟ್ಟರ್‌ಗಳಿಗೆ ಮುಟ್ಟಿಸಿ, ಅವರು ಕೊಟ್ಟ ಮರುಬೈಗುಳವನ್ನು ಸೋಸಿ ಸಾಹೇಬರಿಗೆ ಒಪ್ಪಿಸುವವನು.) ಒಂದು ದಿನ ಸಾಹೇಬರು ಸಾರಿದರು: ಹೊಸ ಆಸ್ಪತ್ರೆಯ ನಾಲ್ಕು ಲಿಫ್ಟುಗಳ ಮುಂದಾಳತ್ವ, ಎರಡು ತಿಂಗಳೊಳಗೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪರೀಕ್ಷೆ ಪಾಸು ಮಾಡಿದವರಿಗೆ. ಬೈಗುಳ ಸಾಗಿಸುವ ಬದುಕಿನಿಂದ ಬಿಡುಗಡೆ! ಅವನ ಎದೆ ಐದನೇ ಮಹಡಿಗೆ ಏರಿತು.

ಓದುವುದನ್ನೂ ಒಂದು ಪ್ರಾಜೆಕ್ಟಾಗಿಯೇ ನಡೆಸಬೇಕೆಂದು ನಿಶ್ಚಯಿಸಿ, ನಡುಮನೆಯ ಗೋಡೆಗೆ ಎಂಬತ್ತನಾಲ್ಕು ಬಣ್ಣದ ಚೀಟಿ ಅಂಟಿಸಿದ. ಪ್ರತಿ ಚೀಟಿಗೂ ದಿನಾಂಕ, ಹೊಣೆಗಾರ. ಯಾರಿಗೆಷ್ಟು ಪ್ರಭಾವ, ಎಷ್ಟು ಆಸಕ್ತಿ ಎಂದು ಮನೆಯವರನ್ನೂ ತೂಗಿ ಪಟ್ಟಿ ಮಾಡಿದ.

ನಿವೃತ್ತ ಬಸ್ ಚಾಲಕರಾದ ಅಪ್ಪ ಕನ್ನಡಕ ಏರಿಸಿ ಓದಿದರು. "'ಅಪ್ಪ: ಪ್ರಭಾವ ಹೆಚ್ಚು, ಆಸಕ್ತಿ ಕಡಿಮೆ.' ಏನೋ ಇದು? ನಿನ್ನ ಹೆತ್ತು ಸಾಕಿದವನಿಗೆ ಆಸಕ್ತಿ ಕಡಿಮೆನಾ?"

"ಅದು ಶಾಸ್ತ್ರೀಯ ವರ್ಗೀಕರಣ ಅಪ್ಪಾ."

"ಮೂವತ್ತು ವರ್ಷ ಬಸ್ ಓಡಿಸಿದೆ. ಒಂದು ದಿನ ಗೋಡೆಗೆ ಏನಾದ್ರೂ ಅಂಟಿಸಿದ್ನಾ?"

ದಿನಾ ಬೆಳಿಗ್ಗೆ ಏಳೂ ಹತ್ತಕ್ಕೆ ಗೋಡೆಯ ಮುಂದೆ ನಿಂತೇ ಸಭೆ. ಹೆಂಡತಿ ಫಿಸಿಯೋಥೆರಪಿಸ್ಟ್; ಅಳುವವರ ಮಂಡಿಯನ್ನೂ ಬಗ್ಗಿಸಿ ನಡೆಸುವವಳು. ಐದನೇ ವಾರ ಅವಳು ಕೇಳಿದಳು, "ರೀ, ಪುಸ್ತಕ ತೆರೆಯೋದು ಯಾವಾಗ?"

"ಅದು ಮೂರನೇ ಹಂತ. ನಾವಿನ್ನೂ ಎರಡರಲ್ಲಿದ್ದೀವಿ."

"ನೀವು ಎರಡರಲ್ಲಿದ್ದೀರಿ. ನನಗೆ ಕ್ಲಿನಿಕ್ಕಿಗೆ ಹೊತ್ತಾಯ್ತು."

ಏಳನೇ ವಾರ, ಪರೀಕ್ಷೆಯ ಹಿಂದಿನ ದಿನ, ಪ್ರವೇಶಪತ್ರ ಹುಡುಕಿದ. ಮನೆಯಲ್ಲೆಲ್ಲೂ ಇರಲಿಲ್ಲ. ಗೋಡೆಗೆ ಓಡಿದ. ಮೇಲ್ಮೂಲೆಯಲ್ಲೊಂದು ಗುಲಾಬಿ ಚೀಟಿ: 'ಪರೀಕ್ಷೆಗೆ ಹೆಸರು ನೋಂದಣಿ. ಹೊಣೆ: ಹೆಂಡತಿ.'

"ಹೆಸರು ಕೊಟ್ಯಾ?"

"ಯಾರ ಹೆಸರು?"

"ನನ್ನದು! ಚೀಟಿ ಅಂಟಿಸಿದ್ದೆನಲ್ಲ!"

"ನನಗೆ ಯಾವಾಗ ಹೇಳಿದ್ರಿ?"

"ಹೇಳೋದ್ಯಾಕೆ? ಗೋಡೆ ಮೇಲಿದೆಯಲ್ಲ!"

"ಸ್ಟೂಲ್ ಹಾಕ್ಕೊಂಡು ನೋಡಬೇಕಿತ್ತಾ ನಾನು?"

ಅಪ್ಪ ಪತ್ರಿಕೆಯ ಮರೆಯಿಂದ, "ಬಸ್ ಹೊರಟುಹೋಯ್ತು, ಕಂಡಕ್ಟರ್ ಇನ್ನೂ ಬೋರ್ಡ್ ಬರೀತಿದಾನೆ" ಎಂದರು.

ಅವನು ಕುರ್ಚಿಯ ಮೇಲೆ ಕುಸಿದ. ನಾಲ್ಕು ಲಿಫ್ಟುಗಳೂ ಕಣ್ಣೆದುರೇ ಸಾಲಾಗಿ ಕೆಳಗಿಳಿದುಹೋದವು. ಹೆಂಡತಿ ಫೋನು ಹಿಡಿದಳು. ಎರಡು ಕಡೆ ಕೇಳಿದಳು, ಮೂರನೆಯ ಕಡೆ ಜಗಳವಾಡಿದಳು. ಹತ್ತು ದಿನದ ನಂತರದ ಪರೀಕ್ಷೆಯಲ್ಲಿ ಒಂದು ಜಾಗವಿತ್ತು. ಸಾಹೇಬರ ಗಡುವಿಗೆ ಎರಡು ದಿನ ಮುಂಚೆ. ಅಲ್ಲೇ ಹೆಸರು ಬರೆಸಿ, ಎಂಬತ್ತನಾಲ್ಕು ಚೀಟಿಗಳನ್ನೂ ಕಿತ್ತು ಬುಟ್ಟಿಗೆ ಹಾಕಿದಳು.

"ಇವತ್ತಿಂದ ನಾನು ಹೇಳಿದ್ದು. ಬೆಳಿಗ್ಗೆ ಓದಿ, ಸಂಜೆ ಪ್ರಶ್ನೆ ಬಿಡಿಸಿ. ಮಧ್ಯೆ ಬಣ್ಣದ ಪೆನ್ ಮುಟ್ಟಿದ್ರೆ ನೋಡಿ!"

ಅಪ್ಪ ಗಡಿಯಾರ ಹಿಡಿದು ಕೂತರು. ಇಪ್ಪತ್ತೈದು ಪ್ರಶ್ನೆಗೊಂದು ನಿಲ್ದಾಣ. ಅವನು ಒಂದೇ ಪ್ರಶ್ನೆಗೆ ಜೋತುಬಿದ್ದರೆ, "ಮುಂದೆ ಹೋಗ್ರೀ, ಬಾಗಿಲಲ್ಲಿ ನಿಲ್ಲಬೇಡಿ!" ಎಂದು ಗದರುತ್ತಿದ್ದರು. ಹೆಂಡತಿ ತರಕಾರಿ ಹೆಚ್ಚುತ್ತ ತಪ್ಪು ಉತ್ತರಗಳನ್ನು ಮತ್ತೆ ಕೇಳುತ್ತಿದ್ದಳು. ಮೂರು ಸಲ ತಪ್ಪಿದರೆ ಈರುಳ್ಳಿ ಅವನ ಪಾಲು. ಮೊದಲ ವಾರ ಮನೆಯ ಈರುಳ್ಳಿಯನ್ನೆಲ್ಲ ಅವನೇ ಹೆಚ್ಚಿದ. ಕೊನೆಯ ಎರಡು ದಿನ ಒಂದನ್ನೂ ಮುಟ್ಟಲಿಲ್ಲ.

ಪಾಸಾದ!

ಅಪ್ಪ ಬೀದಿಯವರಿಗೆಲ್ಲ ಸಾರಿಬಂದರು. ಹೆಂಡತಿ ಪ್ರಮಾಣಪತ್ರವನ್ನು ಎರಡು ಸಲ ಓದಿ, ಅವನ ಕೆನ್ನೆ ಹಿಂಡಿದಳು. ಮರುದಿನ ಅವನು ಇಸ್ತ್ರಿ ಮಾಡಿದ ಶರ್ಟ್ ತೊಟ್ಟು ಸಾಹೇಬರ ಮುಂದೆ ನಿಂತ. ಸಾಹೇಬರು ಕೈಕುಲುಕಿ, ಕೂರಿಸಿ, ಆಸ್ಪತ್ರೆ ಕೆಲಸದ ಕಡತವನ್ನು ಅವನತ್ತ ಅರ್ಧ ತಳ್ಳಿ, ಅಲ್ಲೇ ಅದರ ಮೇಲೆ ಕೈಯಿಟ್ಟು ಕೇಳಿದರು: "ಕೊಡೋ ಮುಂಚೆ ಒಂದು ಮಾತು. ಗಡುವಿನೊಳಗೆ ಮುಗಿಸಿದ್ದೀಯ, ಭೇಷ್. ಈ ಓದನ್ನ ಒಂದು ಪ್ರಾಜೆಕ್ಟ್ ಅಂದ್ಕೋ. ಮ್ಯಾನೇಜರ್ ಆಗಿ ನೀನು ತಗೊಂಡ ಅತಿ ಮುಖ್ಯ ಕ್ರಮ ಯಾವುದು?"

ಸುಳ್ಳು ಹೇಳಲು ಅವನು ಬಾಯಿ ತೆರೆದ. ಒಂದೂ ಹೊಳೆಯಲಿಲ್ಲ.

"ನಾನು ಮ್ಯಾನೇಜರ್ ಆಗಿದ್ದಷ್ಟು ದಿನ ಪುಸ್ತಕಾನೇ ತೆರೆದಿರಲಿಲ್ಲ ಸಾರ್. ಏಳನೇ ವಾರ ಮನೆಯವರು ನನ್ನನ್ನ ಆ ಕೆಲಸದಿಂದ ತೆಗೆದರು. ಆಮೇಲೆ ಎಲ್ಲ ಸರಿಹೋಯ್ತು."