ಏಳು ದೇಶಗಳ ದಾನಿಗಳಿಗೆ, ಮರದ ಮೇಲಿನಿಂದ

ಭೂಮಿಯ ಬಿಸಿ ಇಳಿಸಲೆಂದು ಏಳು ದೇಶಗಳಿಂದ ಒಟ್ಟುಗೂಡಿರುವ ಮಹಾದಾನಿಗಳ ಒಕ್ಕೂಟದ ಮಾನ್ಯ ಅಧ್ಯಕ್ಷರೇ, ಹಾಗೂ ಹೆಸರು ಉಚ್ಚರಿಸಲು ನನ್ನ ನಾಲಗೆಗೆ ಬಾರದ ಉಳಿದ ಮಾನ್ಯರೇ,

ಬಣಕಲ್‌ನಿಂದ ಫಾರಿಸ್ ಮಾಡುವ ನಮಸ್ಕಾರಗಳು. ಇಲ್ಲಿ ಮೇ ತಿಂಗಳ ಕೊನೆಯ ವಾರ. ದಿನವೂ ಸಂಜೆ ಗುಡುಗುತ್ತಿದೆ. ತಮ್ಮ ಪ್ರಯತ್ನದಿಂದ ಅಲ್ಲಿ ಭೂಮಿ ತಕ್ಕಮಟ್ಟಿಗೆ ತಂಪಾಗಿರಬಹುದೆಂದು ನಂಬಿದ್ದೇನೆ.

ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟು, ಆಮೇಲೆ ಗ್ಯಾರೇಜನ್ನೂ ಮೀನಿನ ಗಾಡಿಯನ್ನೂ ಬಸ್ಸಿನ ಕ್ಲೀನರ್ ಕೆಲಸವನ್ನೂ ಒಂದರ ಹಿಂದೊಂದರಂತೆ ಬಿಟ್ಟ ನನ್ನನ್ನು ತಾವು ‘ಹಸಿರು ಮಿತ್ರ’ನೆಂದು ನೇಮಿಸಿ, ಟೋಪಿ ತೊಡಿಸಿ, ಫೋನು ಕೊಟ್ಟು, ಮೂವತ್ತೊಂಬತ್ತು ತೋಟಗಳ ಮರಗಳಿಗೆ ಕಾವಲು ಹಾಕಿದ ದೊಡ್ಡತನವನ್ನು ನಾನು ಮರೆತಿಲ್ಲ. ಆ ಫೋನು ತಿಂಗಳಿಗೊಮ್ಮೆ ಒಂದೇ ಪ್ರಶ್ನೆ ಕೇಳುತ್ತದೆ: ಈ ತೋಟದಲ್ಲಿ ಮರದ ಕೊಂಬೆ ಕಡಿಯಲಾಗಿದೆಯೇ? ಬೆಳೆಗಾರರು ಹೇಳಿದ ಉತ್ತರವನ್ನು ನಾನು ಒತ್ತಬೇಕು. ಮೂವತ್ತೆಂಟು ತೋಟದವರು ‘ಇಲ್ಲ’ ಎಂದರು, ಒತ್ತಿದೆ. ಜಾವಳಿಯ ವಸಂತಮ್ಮನವರು ಮಾತ್ರ ಮನೆಯಲ್ಲಿರಲಿಲ್ಲ. ಅವರ ಒಂದೂವರೆ ಎಕರೆಯಲ್ಲಿ ಒಂಬತ್ತು ಮರಗಳ ಕೊಂಬೆ ಸವರಿ ಆಗಷ್ಟೇ ಕೆಳಗಿಳಿದಿದ್ದವನು ನಾನೇ ಆದ್ದರಿಂದ, ಇನ್ನೊಬ್ಬರನ್ನು ಕೇಳುವ ಅಗತ್ಯ ಕಾಣದೆ ‘ಹೌದು’ ಒತ್ತಿದೆ.

ಫೋನಿನ ನಕ್ಷೆಯಲ್ಲಿ ಅವರ ತೋಟಕ್ಕೆ ಕೆಂಪು ಚುಕ್ಕೆ ಬಿತ್ತು. ಇನ್ನೊಂದು ಕೊಂಬೆ ಬಿದ್ದರೂ ಅವರ ಕಾಫಿಯನ್ನು, ಹಸಿರು ಚುಕ್ಕೆಯ ತೋಟಗಳಿಂದ ಒಳ್ಳೆಯ ಬೆಲೆಗೆ ಕೊಳ್ಳುವ ತಮ್ಮ ಗೋದಾಮು ಎಂದೆಂದಿಗೂ ಕೊಳ್ಳುವುದಿಲ್ಲವೆಂಬ ಪತ್ರವೂ ಬಂತು, ಮೇಲೆ ಎಲೆಯ ಚಿತ್ರ ಬಹಳ ಚೆನ್ನಾಗಿತ್ತು.

ಮಾನ್ಯರೇ, ಆಕಾಶದಿಂದ ನೋಡುವ ತಮ್ಮ ಉಪಗ್ರಹಕ್ಕೆ ಕೆಳಗಿನ ಕಾಫಿ ಗಿಡ ಕಾಣದಿರುವುದು ಅದರ ತಪ್ಪಲ್ಲ. ಮಳೆಗಾಲಕ್ಕೆ ಮುಂಚೆ ನೆರಳಿನ ಮರಗಳ ಹೆಚ್ಚಿನ ಕೊಂಬೆಗಳನ್ನು ಸವರುವುದಕ್ಕೆ ನಮ್ಮಲ್ಲಿ ಮರಗಸಿ ಎನ್ನುತ್ತಾರೆ. ಸವರದಿದ್ದರೆ ಗಾಳಿ ಬೆಳಕು ಒಳಗೆ ಬರದೆ, ಕೊಳೆರೋಗ ಹಿಡಿದು ಎಳೆಗಾಯಿ ಕಪ್ಪಾಗಿ ಉದುರುತ್ತದೆ. ಸವರಿದ ಮರ ಸಾಯುವುದಿಲ್ಲ. ಆಗಸ್ಟ್ ಹೊತ್ತಿಗೆ ಮತ್ತೆ ಚಿಗುರಿರುತ್ತದೆ. ಇದನ್ನು ತಿಳಿಯಲು ಏಳು ದೇಶ ಬೇಕಿಲ್ಲ, ಒಂದು ಏಣಿ ಸಾಕು.

ಪಕ್ಕದ ತೋಟದ ಮೇಸ್ತ್ರಿ ಗಿಡ್ಡಪ್ಪನವರಿಗೆ ಸುದ್ದಿ ತಲುಪಿದಾಗ ಅವರು ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ಹೇಳಿದ್ದಿಷ್ಟು: “ಎಲ್ಲಿ ಇಲ್ಲ ಅನ್ಬೇಕು ಅಂತ ತಿಳ್ಕೊಳ್ಳೋಕಾದ್ರೂ ನೀನು ಎಸ್ಸೆಲ್ಸಿ ಮಾಡ್ಬೇಕಿತ್ತು ಮಾರಾಯ.” ವಸಂತಮ್ಮನವರು ಬಯ್ಯಲಿಲ್ಲ. “ಸುಳ್ಳು ಹೇಳು ಅನ್ನೋದಿಲ್ಲ ನಾನು. ಆದ್ರೆ ಕೂದಲು ಕತ್ತರಿಸಿದ್ದನ್ನ ಕುತ್ತಿಗೆ ಕತ್ತರಿಸಿದ ಹಾಗೆ ಬರೆಸ್ಕೊಂಡು ಬಂದ್ಯಲ್ಲ” ಎಂದು ಕಾಫಿ ಕೊಟ್ಟರು. ಬೈದಿದ್ದರೆ ಆ ಕಾಫಿ ಇನ್ನೂ ಸುಲಭವಾಗಿ ಇಳಿಯುತ್ತಿತ್ತು.

ತಮ್ಮ ಬೆಂಗಳೂರಿನ ಕಚೇರಿಯ ನಿಖಿತಾ ಮೇಡಂ ಬಹಳ ಒಳ್ಳೆಯವರು. ‘ಗಾಳಿಗೆ ಮುರಿದದ್ದು’ ಎಂದು ತಿದ್ದಿದರೆ ಚುಕ್ಕೆ ಹಸಿರಾಗುತ್ತದೆಂದು ಫೋನಿನಲ್ಲಿ ಮೆಲ್ಲಗೆ ತಿಳಿಸಿದರು. ಅಂದು ಗಾಳಿ ಇರಲಿಲ್ಲವೆಂದು ನಾನು ಹೇಳಿದ್ದಕ್ಕೆ, ಹಾಗಾದರೆ ಮೇಲ್ಮನವಿ ಸಮಿತಿಯೇ ದಾರಿ, ಅದು ಸೆಪ್ಟೆಂಬರಿನಲ್ಲಿ ಹಿಮ ಬೀಳುವ ಯಾವುದೋ ಊರಿನಲ್ಲಿ ಸೇರುತ್ತದೆ, ಎಲ್ಲರೂ ವಿಮಾನದಲ್ಲಿ ಬರಬೇಕಲ್ಲ ಎಂದರು.

ಆದ್ದರಿಂದ ತಮ್ಮಲ್ಲಿ ನನ್ನ ಸಣ್ಣ ಬಿನ್ನಹ: ಏಳು ದೇಶಗಳ ಗಣ್ಯರು ಒಂದೇ ಮೇಜಿನ ಸುತ್ತ ಕೂರಬಲ್ಲವರಾದ್ದರಿಂದ ಮುಂಗಾರಿಗೂ ಒಂದು ಕುರ್ಚಿ ಹಾಕಿಸಿ, ಸೆಪ್ಟೆಂಬರ್ ತನಕ ಸಮುದ್ರದಲ್ಲೇ ಇರುವಂತೆ ಒಪ್ಪಿಸಬೇಕು. ಒಪ್ಪದಿದ್ದರೆ ತಲೆಗೊಂದರಂತೆ ಮೋಡವನ್ನು ಚಾರ್ಮಾಡಿ ಘಾಟಿಯ ಆಚೆಗೇ ಹಿಡಿದು ನಿಲ್ಲಬೇಕು. ಕೊಳೆರೋಗಕ್ಕೂ ತಮ್ಮದೇ ಒಂದು ಟೋಪಿ ತೊಡಿಸಿದರೆ, ಕೆಲಸ ಬಿಟ್ಟು ಹೋಗುವ ಚಾಳಿ ಅದಕ್ಕೂ ಬರಬಹುದು.

ಇದ್ಯಾವುದೂ ಆಗದೆಂದು ವಸಂತಮ್ಮನವರ ಅಂದಾಜು. ಇಂದು ಮಧ್ಯಾಹ್ನ ಮೋಡ ನೋಡಿ, ಸವರದೆ ಉಳಿದ ಹನ್ನೊಂದು ಮರಗಳನ್ನು ನೋಡಿ ಅವರು ಹೇಳಿದರು: “ನೀನು ಹತ್ತು. ಕಾಯಿ ಉಳಿದ್ರೆ ತಾನೆ, ಯಾರು ತಗೊಳ್ತಾರೆ ಅನ್ನೋ ಯೋಚನೆ?”

ನಾಳೆ ಬೆಳಿಗ್ಗೆ ಕತ್ತಿ ಹಿಡಿದು ಮೇಲಿನ ಕೊಂಬೆಗಳಿಗೆ ಹತ್ತುತ್ತೇನೆ. ಹನ್ನೊಂದು ಮರಕ್ಕೆ ಹನ್ನೊಂದು ಸಲ ‘ಹೌದು’ ಒತ್ತಿ, ಫೋನನ್ನೂ ಟೋಪಿಯನ್ನೂ ನಿಖಿತಾ ಮೇಡಂ ವಿಳಾಸಕ್ಕೆ ಕಳಿಸುತ್ತೇನೆ. ತಮ್ಮಲ್ಲಿ ಒಬ್ಬರಾದರೂ ಆಗಸ್ಟ್‌ನಲ್ಲಿ ಬಂದು, ಆ ಮರಗಳ ಕೆಳಗೆ ನಿಂತು ತಲೆಯೆತ್ತಿ ನೋಡಿ, ಆಮೇಲೆ ಚುಕ್ಕೆಯ ಬಣ್ಣ ತೀರ್ಮಾನಿಸಬೇಕೆಂದು ಬೇಡುತ್ತೇನೆ. ಛತ್ರಿ ನಾನು ತರುತ್ತೇನೆ.

ಭೂಮಿಯ ಮೇಲೆ, ಸದ್ಯಕ್ಕೆ ಕೆಳಗಿನ ಕೊಂಬೆಯಲ್ಲಿರುವ,
ತಮ್ಮ ವಿಶ್ವಾಸಿ,
ಫಾರಿಸ್

ಮರೆತ ಮಾತು: ತಮ್ಮ ವಾರ್ಷಿಕ ವರದಿಯ ಮುಖಪುಟದಲ್ಲಿ ಅಧ್ಯಕ್ಷರು ಕಣ್ಣು ಮುಚ್ಚಿ ಅಪ್ಪಿಕೊಂಡು ನಿಂತಿರುವ ಅತ್ತಿಮರ ಅಷ್ಟು ಸೊಂಪಾಗಿ ಚಿಗುರಿದ್ದು ಹೋದ ವರ್ಷ ಅದಕ್ಕೆ ನಾನು ಮರಗಸಿ ಮಾಡಿದ್ದರಿಂದ. ಆಗ ನನ್ನನ್ನು ಯಾರೂ ಕೇಳಲಿಲ್ಲ. ಈಗಲೂ ಕೇಳಿಲ್ಲ, ಆದರೂ ಹೇಳಿಬಿಡೋಣ ಅನ್ನಿಸಿತು.